ಗಗನಕುಸುಮವೋ, ಮೊಣಕೈಗೆ ಹಚ್ಚಿದ ಬೆಲ್ಲವೋ?

‘ದಲಿತರಿಗೆ ಭೂಮಿ ಇವತ್ತಿಗೂ ಗಗನಕುಸುಮ.’ ಭಾಷಣಗಳಲ್ಲಿ, ಕರಪತ್ರಗಳಲ್ಲಿ, ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಮರುಕದಿಂದಲೇ ಬರುತ್ತದೆ, ನಿಜ. ಆದರೂ ಈ ಪದ ಯಾರದು ಅಂತ ಕೇಳಬೇಕಾಗಿದೆ.

ಸಂಸ್ಕೃತದ ತರ್ಕಪಂಡಿತರಿಗೆ ಆಕಾಶದ ಹೂವು, ಮೊಲದ ಕೊಂಬು, ಬಂಜೆಯ ಮಗ ಇವೆಲ್ಲ ಎಂದೂ ಇರಲಾರದ ವಸ್ತುವಿಗೆ ಉದಾಹರಣೆಗಳು. ಕನ್ನಡದ ಬಳಕೆಯಲ್ಲಿ ಅರ್ಥ ಜರುಗಿ ‘ಕೈಗೆಟುಕದ್ದು’ ಎಂದಾಯಿತು. ಹಳೆಯ ವಾಸನೆ ಮಾತ್ರ ಹೋಗಿಲ್ಲ. ಆಕಾಶದಲ್ಲಿ ಹೂವಿಲ್ಲದ್ದಕ್ಕೆ ಯಾರೂ ಹೊಣೆಯಲ್ಲ; ದಲಿತರಿಗೆ ನೆಲವಿಲ್ಲದ್ದಕ್ಕೂ ಯಾರೂ ಹೊಣೆಯಲ್ಲ ಎಂದು ಈ ಪದ ಮೆಲ್ಲಗೆ ಹೇಳಿಬಿಡುತ್ತದೆ.

ಶಿಕಾರಿಪುರ, ಸೊರಬದ ಚರಿತ್ರೆ ಬೇರೆಯೇ ಹೇಳುತ್ತದೆ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದಿತು. ಆದರೆ ಕಾಯ್ದೆಯ ಕಣ್ಣಿಗೆ ಉಳುವವ ಅಂದರೆ ಗೇಣಿದಾರ. ಅದೇ ಗದ್ದೆಯಲ್ಲಿ ಕೂಲಿಗೆ, ಜೀತಕ್ಕೆ ದುಡಿದವರು ಏಳನೇ ನಂಬರ್ ಫಾರಂನಲ್ಲಿ ಏನಂತ ಬರೆಯಬೇಕಿತ್ತು?

ಅಂಥವರಿಗೆ ಉಳಿದದ್ದು ಸರ್ಕಾರಿ ನೆಲ. ಅದನ್ನು ಉತ್ತರೆ ಬಗರ್‌ಹುಕುಂ, ಅಂದರೆ ಅಪ್ಪಣೆ ಇಲ್ಲದ್ದು. 1991ರ ಸಕ್ರಮ ಕಾನೂನು 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿ ತೋರಿಸಿ ಎಂದಿತು. ಅಂಬೇಡ್ಕರ್ ಹುಟ್ಟಿದ ದಿನವೇ ಗಡಿಗೆರೆಯಾಯಿತು! 2006ರ ಅರಣ್ಯಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, 75 ವರ್ಷದ ಪುರಾವೆ ಬೇಡುತ್ತದೆ. ನಿಯಮದಲ್ಲಿ ಹಿರಿಯರ ಹೇಳಿಕೆಗೂ ಜಾಗ ಇದೆ. ಕಚೇರಿ ಕೇಳೋದು ಕಾಗದ. ಅಕ್ಷರವನ್ನೇ ಮುಟ್ಟಗೊಡದ ಮನೆಗಳಲ್ಲಿ ಆ ಕಾಗದ ಎಲ್ಲಿಂದ ಬರಬೇಕು?

ಅಧಿಕಾರ ಇಲ್ಲಿಗೆ ದೂರವಿತ್ತು ಅನ್ನುವ ಹಾಗೂ ಇಲ್ಲ. ಸೊರಬದ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪ ಇಬ್ಬರೂ ಮುಖ್ಯಮಂತ್ರಿಗಳಾದವರು.

ನೆಲ ಆಕಾಶದಲ್ಲಿಲ್ಲ. ಅದಕ್ಕೆ ಸರ್ವೆ ನಂಬರಿದೆ, ಪಹಣಿಯಿದೆ. ಇಂಥದ್ದಕ್ಕೆ ನಮ್ಮ ಆಡುಮಾತಿನಲ್ಲೇ ಸರಿಯಾದ ಮಾತಿದೆ: ಮೊಣಕೈಗೆ ಬೆಲ್ಲ ಹಚ್ಚೋದು. ಬೆಲ್ಲ ಇದೆ, ವಾಸನೆ ಬರ್ತದೆ, ನಾಲಿಗೆ ಮಾತ್ರ ಮುಟ್ಟೋದಿಲ್ಲ. ಹಚ್ಚಿದ ಕೈಯೂ ಒಂದಿದೆ. ಗಗನಕುಸುಮ ಎಂದಾಗ ಮರೆಯಾಗುವುದು ಆ ಕೈ.

ದಲಿತ ವಿಮರ್ಶೆ ಕಾವ್ಯ, ಕಾದಂಬರಿಗಳಿಗೇ ನಿಂತರೆ ಸಾಲದು. ನಮ್ಮದೇ ಕರಪತ್ರದ ಪದಗಳನ್ನೂ ಅದು ಒರೆಗೆ ಹಚ್ಚಬೇಕು. ಮುಂದಿನ ಕರಪತ್ರದಲ್ಲಿ ಹೂವಿನ ಮಾತು ಬಿಡೋಣ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ಮೇಜಿನ ಮೇಲೆ ಎಷ್ಟು ವರ್ಷದಿಂದ ಅರ್ಜಿ ಕೂತಿದೆ ಅಂತ ಬರೆಯೋಣ.