ಕಾಲಡಿಯ ಗೋಣಿ

ಹಳೆಯ ಕಾರಿನ ಕಾರ್ಪೆಟ್ ಕಿತ್ತಾಗ ಮೊದಲು ಎದುರಾಗುವುದು ವಾಸನೆ. ಮಳೆಯಲ್ಲಿ ನೆನೆದು, ಒಣಗದೆ ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ. ಮೇಲಿನ ಕಾರ್ಪೆಟ್ ಮಾಸಿದ್ದರೂ ನೋಡಲು ಪರವಾಗಿಲ್ಲ ಎನ್ನುವಂತಿರುತ್ತದೆ; ಕೆಳಗಿನ ಕಂದು ಪದರ ಮಾತ್ರ ಮುದ್ದೆಮುದ್ದೆಯಾಗಿ ಕೈಗೆ ಬರುತ್ತದೆ. ಅದರಡಿಯ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಕೆಲವೊಮ್ಮೆ ಗ್ಯಾರೇಜಿನ ನೆಲವೇ ಕಾಣುತ್ತದೆ. ಎರಡು ದಿನದ ಕೆಲಸ ಎಂದು ಲೆಕ್ಕ ಹಾಕಿದ್ದ ಮಾಲೀಕರು ಟಿಂಕರಿಂಗ್‌ನವರನ್ನು ಹುಡುಕಿಕೊಂಡು ಹೊರಡುವುದು ಆಗಲೇ.

ಆ ಕಂದು ಪದರ ಸೆಣಬು. ಹಳೆಯ ಇಂಗ್ಲಿಷ್ ಕಾರುಗಳ ಮೆತ್ತನೆಯ ನೆಲದ ಗುಟ್ಟು ಅದೇ, ಆ ನೆಲವನ್ನು ತಿಂದುಹಾಕಿದ್ದರಲ್ಲಿ ದೊಡ್ಡ ಪಾಲೂ ಅದರದೇ. ಹೊಸ ಕಾರ್ಪೆಟ್ ಹಾಕುವಾಗ ಅದನ್ನು ಮತ್ತೆ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಕೇಳಲು ಚಿಕ್ಕದು. ಉತ್ತರಕ್ಕೆ ಮಾತ್ರ ಸ್ವಲ್ಪ ಹಿಂದೆ ಹೋಗಬೇಕು.

ಮೊದಮೊದಲ ಕಾರುಗಳಲ್ಲಿ ಕಾಲಡಿ ಇದ್ದದ್ದು ಮರದ ಹಲಗೆ. ಕೆಳಗಿನ ಯಂತ್ರಭಾಗಗಳಿಗೆ ಕೈ ಹಾಕಬೇಕಾದರೆ ಹಲಗೆ ಎತ್ತಬೇಕು. ಆದ್ದರಿಂದ ಮೇಲೆ ಹಾಸಿದ್ದೂ ಸುಲಭವಾಗಿ ತೆಗೆಯುವಂಥದ್ದು: ರಬ್ಬರ್ ಚಾಪೆ, ಲಿನೋಲಿಯಂ, ತೆಂಗಿನ ನಾರಿನ ಚಾಪೆ. ರತ್ನಗಂಬಳಿ ಬಂದದ್ದು ಹಿಂದಿನ ಸೀಟಿನ ಮೂಲಕ. ಡ್ರೈವರ್ ಇಟ್ಟುಕೊಂಡ ಶ್ರೀಮಂತರ ಕಾರುಗಳಲ್ಲಿ ಮುಂದಿನ ಸೀಟು ಚರ್ಮದ್ದು, ಹಿಂದಿನದು ಮೆತ್ತನೆಯ ಉಣ್ಣೆ ಬಟ್ಟೆಯದು. ಈಗಿನ ಕಣ್ಣಿಗೆ ಇದು ತಲೆಕೆಳಗಾಗಿ ಕಾಣಬಹುದು. ಆಗ ಚರ್ಮವೆಂದರೆ ಮಳೆ ಬಿಸಿಲು ತಡೆಯುವ ವಸ್ತು, ಅಂದರೆ ಡ್ರೈವರ್‌ಗೆ ತಕ್ಕದ್ದು. ನೆಲದ ಲೆಕ್ಕವೂ ಹಾಗೆಯೇ. ಒಡೆಯರು ಕಾಲಿಡುವಲ್ಲಿ ಎಳೆ ಎದ್ದು ನಿಂತ ಕಾರ್ಪೆಟ್, ಡ್ರೈವರ್ ಕಾಲಿಡುವಲ್ಲಿ ತೊಳೆಯಬಹುದಾದ ರಬ್ಬರ್.

ರೋಲ್ಸ್ ರಾಯ್ಸ್, ಬೆಂಟ್ಲಿಗಳ ಮಾತು ಬಂದಾಗ ಕೇಳುವ ಹೆಸರು ವಿಲ್ಟನ್. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಪುಟ್ಟ ಊರು, 18ನೇ ಶತಮಾನದಿಂದ ಕಾರ್ಪೆಟ್ ನೇಯ್ದ ಊರು. ಉಣ್ಣೆಯ ಎಳೆಗಳನ್ನು ಕುಣಿಕೆಯಾಗಿಯೇ ಬಿಟ್ಟರೆ ಅದು ಬ್ರಸೆಲ್ಸ್ ಶೈಲಿ. ಕುಣಿಕೆಯ ತಲೆ ಕತ್ತರಿಸಿ ಮಖಮಲ್ಲಿನಂತೆ ಮಾಡಿದರೆ ವಿಲ್ಟನ್. ಕಾಲಕ್ರಮದಲ್ಲಿ ಊರಿನ ಹೆಸರು ಬಗೆಯ ಹೆಸರಾಯಿತು. ಕನ್ನಡಿಗರಿಗೆ ಇದು ಹೊಸದಲ್ಲ, ನವಲಗುಂದ ಎಂದರೆ ಜಮಖಾನವೇ ಕಣ್ಣಮುಂದೆ ಬರುವುದಿಲ್ಲವೇ.

ಆದರೆ ಎಂಥ ವಿಲ್ಟನ್ನೇ ಆಗಲಿ, ಬರೀ ತಗಡಿನ ಮೇಲೆ ಹಾಸಿದರೆ ಮೆತ್ತಗಿರುವುದಿಲ್ಲ. ಸದ್ದು, ಶಾಖ ತಡೆಯಲು ಅಡಿಯಲ್ಲಿ ದಪ್ಪ ಹಾಸು ಬೇಕು. ಅದಕ್ಕೆ ಅಗ್ಗವಾಗಿ, ಬೇಕಾದಷ್ಟು ಸಿಗುತ್ತಿದ್ದದ್ದು ಸೆಣಬಿನ ನಾರನ್ನು ಬಡಿದು ಒತ್ತಿ ಮಾಡಿದ ಫೆಲ್ಟ್. ಆ ಸೆಣಬು ಬೆಳೆದದ್ದು ಬಂಗಾಳದಲ್ಲಿ.

1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನವರು ಬಂಗಾಳದ ಸೆಣಬನ್ನು ಯಂತ್ರದಲ್ಲಿ ನೂಲುವುದನ್ನು ಕಲಿತರು. ಒರಟು ನಾರು ಯಂತ್ರದಲ್ಲಿ ತುಂಡಾಗುತ್ತಿತ್ತು. ಮೆತ್ತಗಾಗಿಸಲು ಅವರು ಬಳಸಿದ್ದು ತಿಮಿಂಗಿಲದ ಎಣ್ಣೆ. ಡಂಡಿ ತಿಮಿಂಗಿಲ ಬೇಟೆಯ ಬಂದರೂ ಆಗಿತ್ತು, ಎಣ್ಣೆಗೆ ಬರವಿರಲಿಲ್ಲ. 1855ರಲ್ಲಿ ಜಾರ್ಜ್ ಆಕ್ಲೆಂಡ್ ಎಂಬಾತ ಕಲ್ಕತ್ತದ ಹತ್ತಿರ ಹೂಗ್ಲಿ ದಡದ ರಿಶ್ರಾದಲ್ಲಿ ನೂಲುವ ಯಂತ್ರ ಹೂಡಿದ. ಮುಂದೆ ಆ ನದಿಯ ಎರಡೂ ದಡಗಳಲ್ಲಿ ಗಿರಣಿಗಳು ಸಾಲುಗಟ್ಟಿದವು. ಚೀಲ, ಹೊದಿಕೆ, ಲಿನೋಲಿಯಂ ಬೆನ್ನಿನ ಬಟ್ಟೆ, ಕಾರ್ಪೆಟ್ಟಿನ ತಳ ಎಲ್ಲವೂ ಸೆಣಬು. ಇಂಗ್ಲಿಷಿನ ‘ಗನ್ನಿ’ ಕೂಡ ನಮ್ಮ ಗೋಣಿಯ ಬಳಗದ್ದೇ. ಸರಕಿನ ಜೊತೆ ಮಾತೂ ಹಡಗು ಹತ್ತಿತ್ತು.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಸುತ್ತಮುತ್ತ ಕಾರ್ಪೆಟ್ ನೇಯುವುದನ್ನೇ ಬಿಟ್ಟರು. ಸಿದ್ಧ ಬಟ್ಟೆಗೆ ನೂರಾರು ಸೂಜಿಗಳಿಂದ ಎಳೆ ಚುಚ್ಚುವುದು, ಹಿಂದಿನಿಂದ ಅಂಟು ಬಳಿಯುವುದು. ಇದೇ ಟಫ್ಟಿಂಗ್. ಅಲ್ಲಿನ ಕಾರುಗಳಿಗೆ 80 ಪಾಲು ರೇಯಾನ್, 20 ಪಾಲು ನೈಲಾನ್ ಸೇರಿಸಿದ ಕುಣಿಕೆ ಕಾರ್ಪೆಟ್ ಬಂತು. ಬಿಸಿ ಮಾಡಿ ಅಚ್ಚಿನಲ್ಲಿ ಒತ್ತಿ ಕಾರಿನ ನೆಲದ ಆಕಾರವನ್ನೇ ಕೊಡುವ ವಿದ್ಯೆಯೂ ಬಂತು. ಚುಚ್ಚಲು ಬೇಕಾದ ಆ ಸಿದ್ಧ ಬಟ್ಟೆಯೂ ಸೆಣಬಿನದೇ. 1960ರ ದಶಕದಲ್ಲಿ ಭಾರತದ ಗಿರಣಿಗಳಿಗೆ ಇದು ದೊಡ್ಡ ರಫ್ತು. ಪಾಲಿಪ್ರೊಪಿಲೀನ್ ಬಂದ ಮೇಲೆ ಆ ಮಾರುಕಟ್ಟೆ ಕರಗಿತು.

ಹೌರಾದಿಂದ ಹೊರಡುವ ಲೋಕಲ್ ರೈಲಿನಲ್ಲಿ ಉತ್ತರಪಾರಾ ದಾಟಿದರೆ ಹಿಂದ್ ಮೋಟರ್ ಎಂಬ ನಿಲ್ದಾಣ, ಆಮೇಲೆ ಕೊನ್ನಗರ್, ಅದರ ಮುಂದಿನದೇ ರಿಶ್ರಾ. ಮೊದಲ ಸೆಣಬಿನ ಗಿರಣಿ ಎದ್ದ ಊರಿಗೂ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಂಬಾಸಡರ್ ಆಗಿ ಮರುಹುಟ್ಟು ಪಡೆದು 2014ರವರೆಗೆ ತಯಾರಾದ ಕಾರ್ಖಾನೆಗೂ ನಡುವೆ ಇರುವುದು ಒಂದೇ ನಿಲ್ದಾಣ.

ಇಲ್ಲಿಂದ ಹೋದ ನಾರು ಇಂಗ್ಲಿಷ್ ಕಾರುಗಳ ನೆಲ ಸೇರಿ ಮರಳಿ ಬಾಂಬೆ, ಮದ್ರಾಸು, ಕಲ್ಕತ್ತಗಳಿಗೆ ಬಂತು. ಬಂದದ್ದು ಮಳೆಗಾಲದ ನಾಡಿಗೆ. ಗಾಳಿಯ ತೇವಾಂಶ ಶೇಕಡ 65 ಇದ್ದಾಗ 100 ಗ್ರಾಂ ಒಣ ಸೆಣಬು ಸುಮಾರು 14 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಹಿಡಿಯುವುದು 8.5 ಗ್ರಾಂ, ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಏನೂ ಇಲ್ಲ. ಇದು ಬರೀ ಗಾಳಿಯ ತೇವದ ಲೆಕ್ಕ. ಮುಂಗಾಜಿನ ರಬ್ಬರ್ ಬಿರಿದು, ಬಾಗಿಲ ಕೆಳಗಿನ ತೂತು ಕಟ್ಟಿಕೊಂಡು ನೀರೇ ಒಳಗೆ ಹರಿದರೆ ಕೇಳುವುದೇ ಬೇಡ. ಮೇಲಿನ ಉಣ್ಣೆ ಎರಡು ದಿನದಲ್ಲಿ ಒಣಗುತ್ತದೆ, ಮುಟ್ಟಿ ನೋಡಿದವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಅಡಿಯ ಸೆಣಬು ವಾರಗಟ್ಟಲೆ ತಗಡಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ ಕೂತಿರುತ್ತದೆ. ಇಂಗ್ಲೆಂಡಿನಲ್ಲಿ ತುಕ್ಕು ಕಡಿಮೆ ಎಂದಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅಲ್ಲಿನ ಕಾರುಗಳನ್ನು ಕೆಳಗಿನಿಂದ ತಿನ್ನುತ್ತದೆ. ಇಲ್ಲಿ ಒಳಗಿನಿಂದ ಶುರು.

ಮುಂಬಯಿಯ ಟ್ಯಾಕ್ಸಿಯವರಿಗೆ ಈ ಚಿಂತೆ ಇರಲಿಲ್ಲ. ಕುರ್ಲಾದಲ್ಲಿ ಫಿಯೆಟ್ 1100 ಆಗಿ ಶುರುವಾಗಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಕಾರಿನ ಟ್ಯಾಕ್ಸಿಗಳಲ್ಲಿ ಕಾಲಡಿ ಇದ್ದದ್ದು ಬಕೆಟ್ ನೀರಿಗೆ ಜಗ್ಗದ ರಬ್ಬರ್. (ಅದನ್ನು ತಯಾರಿಸಿದ ಕಂಪನಿಯ ಸ್ಥಾಪಕ ವಾಲ್‌ಚಂದ್ ಹೀರಾಚಂದ್, 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಹೌದು.) 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳ ಕಾಲ ಮುಗಿಯಿತು. ಈಗ ಉಳಿದ ಪದ್ಮಿನಿಗಳನ್ನು ಮುದ್ದಿನಿಂದ ಸಿಂಗರಿಸುವವರು ಮೊದಲು ಕೇಳುವುದೇ ಕಾರ್ಪೆಟ್. ಒಂದು ಕಾಲದ ದುಡಿಮೆಯ ಕಾರಿಗೆ ಹಿಂದಿನ ಸೀಟಿನ ಸಾಹೇಬರ ನೆಲ.

ಹೊಸದನ್ನು ಹಾಕುವ ಕೆಲಸ ಹೊಲಿಗೆಯ ಕೆಲಸ. ಅಚ್ಚಿನಲ್ಲಿ ಒತ್ತಿದ ಅಮೆರಿಕದ ಕಾರ್ಪೆಟ್ ಒಂದೆರಡು ತುಂಡಿನಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಕಾರಿಗೆ ಹತ್ತಾರು ತುಂಡು. ಬಲ್ಲ ಕುಶನ್ ಕೆಲಸದವರು ಹಳೆಯ ಚಿಂದಿಯನ್ನು ಎಸೆಯಲು ಬಿಡುವುದಿಲ್ಲ. ಟೈಲರ್‌ಗೆ ಅಳತೆ ರವಿಕೆ ಹೇಗೋ ಹಾಗೆ ಇವರಿಗೆ ಅದು. ಯಾವ ತುಂಡು ಎಡಗಡೆಯದು, ಯಾವುದರ ಅಂಚು ಯಾವುದರ ಮೇಲೆ ಬರುತ್ತಿತ್ತು, ಬೆಲ್ಟಿನ ಬೋಲ್ಟಿಗೆ ತೂತು ಎಲ್ಲಿತ್ತು, ಎಲ್ಲ ಅದರಲ್ಲೇ ಬರೆದಿದೆ. ಹಳೆಯದು ಜಗ್ಗಿರುತ್ತದೆ ಅಥವಾ ಕುಗ್ಗಿರುತ್ತದೆ, ಆದ್ದರಿಂದ ಮೊದಲು ಕಂದು ಕಾಗದದಲ್ಲಿ ಕತ್ತರಿಸಿ ಕಾರಿನೊಳಗೆ ಹಾಸಿ ನೋಡುತ್ತಾರೆ. ಹೊಸ ಕಾರ್ಪೆಟ್ಟನ್ನು ಅರ್ಧ ದಿನ ಬಿಸಿಲಿಗೆ ಹರಡುತ್ತಾರೆ. ಮಡಿಕೆ ಬಿಟ್ಟುಕೊಂಡು ಮೆತ್ತಗಾಗುತ್ತದೆ. ಎಳೆಗಳು ಎಲ್ಲ ತುಂಡಿನಲ್ಲೂ ಒಂದೇ ಕಡೆಗೆ ಬಾಗಿರಬೇಕು. ಇಲ್ಲದಿದ್ದರೆ ಒಂದೇ ಬಣ್ಣ ಎರಡಾಗಿ ಕಾಣುತ್ತದೆ, ಆಮೇಲೆ ಯಾವ ಉಪಾಯವೂ ಇಲ್ಲ.

ಅಂಟಿಸುವುದು ನಡುವಿನ ಉಬ್ಬಿನಿಂದ, ಚಕ್ರದ ಕಮಾನುಗಳಿಂದ, ಬಾಗಿಲ ಹೊಸ್ತಿಲಿನಿಂದ. ಎರಡೂ ಕಡೆ ಸಲ್ಯೂಷನ್ ಬಳಿದು, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಈ ಕಾಯುವಿಕೆಯಲ್ಲೇ ಹೊಸಬರು ಸೋಲುವುದು. ಗೇರ್ ಲಿವರಿನ ತೂತನ್ನು ಬೇಕಾದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ ಆಮೇಲೆ ಹಿಗ್ಗಿಸುತ್ತಾರೆ. ಕಾಲಿಡುವ ಚಪ್ಪಟೆ ನೆಲದ ತುಂಡುಗಳು ಕೊನೆಗೆ, ಅವಕ್ಕೆ ಅಂಟಿಲ್ಲ, ಟಿಚ್ ಬಟನ್. ಎತ್ತಿ ಒಣಗಿಸಲು ಅದೊಂದೇ ದಾರಿ. ನೆಲಕ್ಕೂ ಅಂಟು ಬಳಿದು ಒಂದೇ ದಿನದಲ್ಲಿ ಮುಗಿಸಿ ಕೊಡುವ ಕೆಲಸ ನೋಡಲು ಚೆಂದ, ಎರಡು ಮಳೆಗಾಲ ಕಳೆಯುವವರೆಗೆ.

ಇನ್ನು ಸೆಣಬಿನ ಪ್ರಶ್ನೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಸನ್ನದು ಮೂಲ ವಸ್ತು, ಮೂಲ ವಿಧಾನಗಳ ಕಡೆಗೇ ಒಲಿಯುತ್ತದೆ. ಸಿಗದಿದ್ದರೆ ಅಥವಾ ಸುರಕ್ಷಿತವಲ್ಲದಿದ್ದರೆ ಬೇರೆಯದಕ್ಕೆ ಅವಕಾಶವಿದೆ, ಬದಲಿಸಿದ್ದನ್ನು ಗುರುತು ಮಾಡಿಡಬೇಕು. ಭಾರತದಲ್ಲಿ 2021ರ ನಿಯಮ 50 ವರ್ಷ ದಾಟಿದ ಕಾರಿಗೆ ‘ವಿಎ’ ನಂಬರ್ ಪ್ಲೇಟ್ ಕೊಡುವಾಗ ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು ಎನ್ನುತ್ತದೆ. ಕಾರ್ಪೆಟ್ಟಿನ ಮಾತೇ ಇಲ್ಲ. ಆದರೆ ಕಾರ್ಪೆಟ್ಟಿನಡಿ ಗೋಣಿ ಕೊಳೆತರೆ ಹಾಳಾಗುವುದು ಅದೇ ಬಾಡಿ. ಮೂಲದಂತೆ ಇರಲೆಂದು ಹಾಕಿದ ಸೆಣಬು ಮೂಲ ತಗಡನ್ನು ತಿನ್ನುವುದಾದರೆ, ಬಿಟ್ಟುಕೊಡಬೇಕಾದ್ದು ಸೆಣಬನ್ನೇ. ನೀರು ಹೀರದ ಫೋಮ್ ಹಾಳೆ ಕಣ್ಣಿಗೆ ಕಾಣುವುದಿಲ್ಲ, ಬೇಡವಾದಾಗ ತೆಗೆಯಲೂ ಬಹುದು. ಗಾಜಿನ ಮನೆಯಲ್ಲಿ ನಿಂತೇ ಇರುವ ಕಾರಿನ ಮಾತು ಬೇರೆ.

ಇದಕ್ಕಿಂತ ಹಳೆಯ ಉತ್ತರವೂ ಒಂದಿದೆ. 1950, 60ರ ದಶಕಗಳಲ್ಲಿ ಫೋಕ್ಸ್‌ವ್ಯಾಗನ್, ಪೋರ್ಷೆ, ಮರ್ಸಿಡಿಸ್ ಕಾರುಗಳಿಗೆ ತೆಂಗಿನ ನಾರಿನ ಚಾಪೆಗಳು ಸಿಗುತ್ತಿದ್ದವು. ಈಗಲೂ ಹಳೆಯ ಕಾರಿನ ಮಾಲೀಕರು ‘ಕೋಕೋ ಮ್ಯಾಟ್’ ಎಂದು ಕೇಳಿ ಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಸಿಪ್ಪೆ ನೆನೆಹಾಕಿ ತೆಗೆಯುವ ನಾರು ಅದು, ನಾಲ್ಕು ಹನಿ ಮಳೆಗೆ ಕೊಳೆಯುವುದಿಲ್ಲ. ಮಂಗಳೂರು, ತಿಪಟೂರಿನ ಮನೆಬಾಗಿಲಲ್ಲಿ ಕಾಲು ಒರೆಸಿಕೊಂಡು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರು ನಿಲ್ಲಿಸಿದ ಮೇಲೆ ಚಾಪೆ ಎತ್ತಿ, ಕೊಡವಿ, ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಹಾಕಿದರಾಯಿತು.