ಕಾಕ್‌ಪಿಟ್‌ನಲ್ಲಿ ಕತ್ತು ತಿರುಗಿಸೋದು ಅಂದ್ರೆ ಸುಮ್ನೆ ಅಲ್ಲ

ಇವತ್ತಿನ ಮಾತು ಕತ್ತಿನ ಬಗ್ಗೆ. ದಿನಾ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋ ನಮಗೆ ಕತ್ತು ಅಂದ್ರೇನು ಅಂತ ಯಾರೂ ಹೇಳ್ಕೊಡಬೇಕಿಲ್ಲ ಬಿಡಿ. ಆದರೆ ನಾನು ಹೇಳಹೊರಟಿರುವುದು ಯುದ್ಧವಿಮಾನದ ಪೈಲಟ್‌ನ ಕತ್ತು. ಹಳೆಯ ವಾಯುಯುದ್ಧಗಳ ಕಥೆ ಹೇಳಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: "ಹಿಂದೆ ಶತ್ರು ಬಂದಿದ್ದಾನೆ, ತಿರುಗಿ ನೋಡೋಕೆ ಏನಾಗಿತ್ತು?" ಕೇಳುವವರು ಹೆಚ್ಚಾಗಿ ಸಿಮ್ಯುಲೇಟರ್ ಆಡಿದವರು. ಆ ಆಟದಲ್ಲಿ ತಿರುಗಿ ನೋಡೋದಕ್ಕೆ ಖರ್ಚೇ ಇಲ್ಲ.

ಮೊದಮೊದಲ ಆಟಗಳಲ್ಲಿ ತಲೆ ಅನ್ನೋದೇ ಇರಲಿಲ್ಲ. ಒಂದು ಕೀ ಒತ್ತಿದರೆ ಎಡಗಡೆ ಚಿತ್ರ, ಇನ್ನೊಂದು ಒತ್ತಿದರೆ ಹಿಂದಿನ ಚಿತ್ರ, ಅಷ್ಟೇ. 1991ರ ಫಾಲ್ಕನ್ 3.0ದಲ್ಲಿ ಪ್ಯಾಡ್‌ಲಾಕ್ ಅನ್ನೋ ಸೌಲಭ್ಯ ಬಂತು. ಶತ್ರು ವಿಮಾನದ ಮೇಲೆ ಒಮ್ಮೆ ದೃಷ್ಟಿ ನೆಟ್ಟರೆ ಅದು ಎಲ್ಲಿ ಹೋದರೂ ನೋಟ ತಾನಾಗೇ ಹಿಂಬಾಲಿಸುತ್ತಿತ್ತು. 2000ದ ನಂತರ ಟ್ರ್ಯಾಕ್‌ಐಆರ್ ಬಂತು. ಟೋಪಿ ಮೇಲೆ ಹೊಳೆಯುವ ಚುಕ್ಕೆಗಳು, ಮಾನಿಟರ್ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ. ನಿಮ್ಮ ತಲೆ ತಿರುಗಿದರೆ ಆಟದ ತಲೆಯೂ ತಿರುಗುತ್ತೆ.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಬಾಡಿಗೆ ಮನೆಯಲ್ಲಿದ್ದಾಗ ಅದನ್ನು ಕೊಳ್ಳೋ ಮನಸ್ಸಾಗದೆ ನಾನೇ ಒಂದು ಕಟ್ಟಿದ್ದೆ. ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ. ವೆಬ್‌ಕ್ಯಾಮ್ ಒಳಗಿನ ಫಿಲ್ಟರ್ ಕಿತ್ತು, ಆ ಜಾಗಕ್ಕೆ ಹಳೇ ಫೋಟೋ ನೆಗೆಟಿವ್‌ನ ಕಪ್ಪು ತುಂಡು. ಜೊತೆಗೆ ಓಪನ್‌ಟ್ರ್ಯಾಕ್ ಅನ್ನೋ ಉಚಿತ ಸಾಫ್ಟ್‌ವೇರ್. ಚೆನ್ನಾಗೇ ಕೆಲಸ ಮಾಡ್ತು. ಆದರೆ ಇದರಲ್ಲೊಂದು ಸುಳ್ಳಿದೆ. ಕಣ್ಣು ಪರದೆ ಮೇಲೇ ಇರಬೇಕಲ್ಲ? ಹಾಗಾಗಿ ನೀವು 20-30 ಡಿಗ್ರಿ ತಿರುಗಿದರೆ ಆಟದೊಳಗಿನ ತಲೆ ಪೂರ್ತಿ ಹಿಂದಕ್ಕೆ, ಗೂಬೆ ಹಾಗೆ, ತಿರುಗುತ್ತೆ.

ತಮಾಷೆ ಏನಂದ್ರೆ, ಈ ತಂತ್ರ ಆಟಕ್ಕಿಂತ ಮೊದಲೇ ನಿಜವಾದ ವಿಮಾನದಲ್ಲಿತ್ತು. 1987ರ ಹೊತ್ತಿಗೆ ನಮ್ಮ ವಾಯುಪಡೆಗೆ ಬಂದ ಮಿಗ್-29ರಲ್ಲಿ ಹೆಲ್ಮೆಟ್ ಮೇಲಿನ ಇನ್‌ಫ್ರಾರೆಡ್ ದೀಪಗಳನ್ನು ಕಾಕ್‌ಪಿಟ್‌ನ ಸೆನ್ಸರ್‌ಗಳು ಗಮನಿಸುವ ವ್ಯವಸ್ಥೆ ಇತ್ತು. ಪೈಲಟ್ ನೋಡಿದ ಕಡೆಗೆ ಕ್ಷಿಪಣಿಯ ಗುರಿ. ನಮ್ಮ ತೇಜಸ್‌ನ ಹೆಲ್ಮೆಟ್‌ನಲ್ಲೂ ಇದೇ ಬಗೆಯ ಸೌಲಭ್ಯವಿದೆ.

ಆದರೆ ಆ ಕತ್ತಿನ ಮೇಲೆ ಬೀಳೋ ಭಾರ ನೋಡಿ. ತಲೆ ಸುಮಾರು 5 ಕೆ.ಜಿ., ಹೆಲ್ಮೆಟ್ ಮತ್ತು ಆಮ್ಲಜನಕದ ಮಾಸ್ಕ್ ಸೇರಿ ಇನ್ನೊಂದೂವರೆ. 7 ಜಿ ತಿರುವಿನಲ್ಲಿ ಅದು 45 ಕೆ.ಜಿ. ಸಮ. ಹತ್ತತ್ರ ಒಂದು ಸಿಮೆಂಟ್ ಮೂಟೆ! ಅದಕ್ಕೇ ಪೈಲಟ್‌ಗಳು ತಿರುವು ಎಳೆಯೋ ಮೊದಲೇ ತಲೆಯನ್ನು ಬೇಕಾದ ಕಡೆ ಇಟ್ಟುಕೊಂಡು, ಆಮೇಲೆ ಎಳೀತಾರೆ. ಮಧ್ಯದಲ್ಲಿ ತಿರುಗಿಸಿದರೆ ಕತ್ತು ಉಳುಕುತ್ತೆ. ಮನುಷ್ಯನ ಕತ್ತು ಒಂದು ಕಡೆಗೆ ತಿರುಗೋದೇ ಹೆಚ್ಚೆಂದರೆ 80 ಡಿಗ್ರಿ. ಉಳಿದದ್ದಕ್ಕೆ ಭುಜ, ಸೊಂಟ ತಿರುಚಬೇಕು. ಸೊಂಟಕ್ಕೋ ಬೆಲ್ಟ್ ಬಿಗಿದಿರುತ್ತೆ.

ಇನ್ನೊಂದು ಅಪಾಯ ಕಿವಿಯೊಳಗಿದೆ. ವಿಮಾನ ಮೋಡದಲ್ಲಿ ತಿರುಗುತ್ತಿರುವಾಗ ತಟ್ಟನೆ ತಲೆ ಬಗ್ಗಿಸಿದರೆ ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ಗಲಿಬಿಲಿಯಾಗಿ, ವಿಮಾನವೇ ಉರುಳಿದ ಹಾಗೆ ಭಾಸವಾಗುತ್ತೆ. ಇದಕ್ಕೆ ಕೊರಿಯೊಲಿಸ್ ಭ್ರಮೆ ಅಂತ ಹೆಸರು. ಪೈಲಟ್‌ಗಳ ಜೀವ ತೆಗೆಯುವಂಥದ್ದು. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆ ಟ್ರಾಫಿಕ್‌ನಲ್ಲಿ ನಾವೆಲ್ಲ ಬೈಕೊಂಡು ದಾಟೋ ವಿಮಾನಪುರದಲ್ಲಿ, 1957ರಲ್ಲಿ ಶುರುವಾದ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ. ಪೈಲಟ್‌ಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿ ಇದನ್ನೆಲ್ಲ ಕಲಿಸೋದು ಅಲ್ಲೇ. ಮನೆಯ ಸಿಮ್ಯುಲೇಟರ್ ಚಿತ್ರವನ್ನು ಕೊಡುತ್ತೆ, ಭಾರವನ್ನು ಕೊಡಲ್ಲ.

ನಂಬಿಕೆ ಬರದಿದ್ದರೆ ವೈಜಾಗ್‌ಗೆ ಹೋಗಿ. ನಾನು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡದಿಂದ ಅಲ್ಲಿಗೆ ಹೋಗ್ತಿದ್ದದ್ದೇ ಬೀಚ್ ರೋಡ್‌ನ ವಿಮಾನ ನೋಡೋಕೆ. ಅಲ್ಲಿ ನಿಂತಿರೋ ಸೀ ಹ್ಯಾರಿಯರ್ 1983ರಿಂದ 2016ರವರೆಗೆ ನೌಕಾಪಡೆಯಲ್ಲಿದ್ದ ಮಾದರಿ. ಮೂಲ ಹ್ಯಾರಿಯರ್ ನೆಲದ ಗುರಿಗಳ ಮೇಲೆ ದಾಳಿ ಮಾಡೋಕೆ ಕಟ್ಟಿದ್ದು. ಪೈಲಟ್ ತಗ್ಗಿನಲ್ಲಿ ಕೂತಿರುತ್ತಿದ್ದ, ಹಿಂದಿನದ್ದು ಸರಿಯಾಗಿ ಕಾಣ್ತಿರಲಿಲ್ಲ. ಆಕಾಶದಲ್ಲಿ ಕಾದಾಡಬೇಕು ಅಂದಾಗ ಬ್ರಿಟಿಷ್ ಎಂಜಿನಿಯರ್‌ಗಳು ಕಾಕ್‌ಪಿಟ್ಟನ್ನೇ ಸುಮಾರು 11 ಇಂಚು ಎತ್ತರಿಸಿ, ಗುಳ್ಳೆಯಂಥ ಗಾಜು ಹೊದಿಸಿದರು. ಒಳಗೆ ಇನ್ನಷ್ಟು ಉಪಕರಣ ಕೂರಿಸೋಕೂ ಜಾಗ ಆಯ್ತು ಅನ್ನಿ. ಕತ್ತಿಗೆ ಇರೋ ಮಿತಿಗೆ ಲೋಹವನ್ನೇ ಬಗ್ಗಿಸಿದ್ದಾರೆ. ಆಟದಲ್ಲಿ ಆ 11 ಇಂಚಿನ ಬೆಲೆ ಗೊತ್ತೇ ಆಗಲ್ಲ.

ಸೀ ಹ್ಯಾರಿಯರ್ ನಿವೃತ್ತಿಯಾದ 2016ರಲ್ಲೇ ಆಕ್ಯುಲಸ್ ರಿಫ್ಟ್ ಅಂಗಡಿಗೆ ಬಂತು. ವಿಆರ್‌ನಲ್ಲಿ ಗೂಬೆಯ ಕತ್ತಿಲ್ಲ, ನೀವು ಎಷ್ಟು ತಿರುಗಿದರೆ ಅಷ್ಟೇ. ಎಲ್ಲರೂ ಬೇಡಿಕೊಂಡಿದ್ದ ನೈಜತೆ ಕೊನೆಗೂ ಬಂತು. ಆಮೇಲೆ ಏನಾಯ್ತು? "ಕತ್ತು ನೋವು" ಅಂತ ದೂರು ಶುರು! ಸ್ವಲ್ಪ ತಿರುಗಿದರೆ ಜಾಸ್ತಿ ತೋರಿಸೋ ಪುಟ್ಟ ಪ್ರೋಗ್ರಾಂಗಳನ್ನು ಆಟಗಾರರೇ ಬರೆದುಕೊಂಡು, ಆ ಹಳೇ ಸುಳ್ಳನ್ನು ವಾಪಸ್ ಕರೆತಂದರು. ಅದೂ ಕುರ್ಚಿಯಲ್ಲಿ ಕೂತು, 1 ಜಿಯಲ್ಲಿ.

ಬೀಚ್ ರೋಡ್‌ಗೆ ಹೋದವರು ಟಿಯು-142 ಮ್ಯೂಸಿಯಂ ಬಿಡಬೇಡಿ. 2017ರ ಡಿಸೆಂಬರ್‌ನಲ್ಲಿ ತೆರೆದದ್ದು. ಎಲ್ಲರೂ ಮೂತಿ ಕಡೆ ನಿಂತು ಸೆಲ್ಫಿ ತಗೋತಾರೆ. ನೀವು ಬಾಲದ ಕಡೆ ಹೋಗಿ. ಅಲ್ಲಿ 23 ಎಂ.ಎಂ. ಜೋಡಿ ತೋಪು, ಅದನ್ನು ನಡೆಸೋ ಗನ್ನರ್‌ಗೆ ಅಂತಲೇ ಒಂದು ಪುಟ್ಟ ಗೂಡು ಇದೆ. ಮುಂದೆ ಕೂತವನು ತಿರುಗಿ ನೋಡಲಾರ ಅಂತ, ಹಿಂದೆ ನೋಡೋಕೇ ಒಬ್ಬ ಮನುಷ್ಯನನ್ನು ಅಲ್ಲಿ ಕೂರಿಸುತ್ತಿದ್ದರು.