ಸೆಪ್ಟಿಕ್ ಟ್ಯಾಂಕ್ ನೀರು ಎಲ್ಲಿಗೆ ಹೋಗ್ತದೆ? ಎರೆ ಮಣ್ಣು, ಮಸಾರಿ, ಉಸುಕು ಮಾಡುವ ಕೆಲಸದ ಪೂರ್ತಿ ಮಾಹಿತಿ

ರಾಯಚೂರು: ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಮನೆ ಕಟ್ಟೋರು ಮೊದಲು ಬೋರ್ ಹಾಕಿಸ್ತಾರೆ, ಆಮೇಲೆ ಸೆಪ್ಟಿಕ್ ಟ್ಯಾಂಕ್‌ಗೆ ಗುಂಡಿ ತೋಡಿಸ್ತಾರೆ. ಎರಡರ ನಡುವೆ ಎಷ್ಟು ಅಂತರ ಬೇಕು, ಟ್ಯಾಂಕಿನಿಂದ ಹೊರಬಂದ ನೀರನ್ನ ಮಣ್ಣು ಹೇಗೆ ಶುದ್ಧ ಮಾಡ್ತದೆ, ದೇವದುರ್ಗ-ಮಾನ್ವಿ ಕಡೆಯ ಎರೆ ಮಣ್ಣಿನಲ್ಲಿ ಅದು ಯಾಕೆ ಕೈಕೊಡ್ತದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಸಾವುಗಳಾದವು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಅವು ಊರಿನ ನೀರು ಪೂರೈಕೆಯ ಪ್ರಕರಣಗಳು. ಮನೆಯ ಬೋರ್‌ಗೆ ಪಾಯಿಖಾನೆ ನೀರು ಸೇರಿದರೆ ಮಾತ್ರ ಅದು ಸುದ್ದಿ ಆಗಲ್ಲ, ಕಾಯಿಲೆ ಆ ಒಂದು ಮನೆಯೊಳಗೇ ಉಳೀತದೆ.

ಟ್ಯಾಂಕ್ ಮಾಡೋದು ಅರ್ಧ ಕೆಲಸ

ಸೆಪ್ಟಿಕ್ ಟ್ಯಾಂಕ್ ಶುದ್ಧೀಕರಣ ಘಟಕ ಅಲ್ಲ, ಅದು ಕೆಸರು ಕೂರೋ ತೊಟ್ಟಿ. ನೀರು ಅದರಲ್ಲಿ ಒಂದೆರಡು ದಿನ ನಿಲ್ತದೆ. ಭಾರವಾದದ್ದು ತಳಕ್ಕೆ ಇಳೀತದೆ, ಎಣ್ಣೆ-ಜಿಡ್ಡು ಮೇಲೆ ಕೆನೆಯಂತೆ ತೇಲ್ತದೆ. ನಡುವಿನ ನೀರು ಪೈಪಿನಿಂದ ಹೊರಗೆ ಬರ್ತದೆ. ಈ ನೀರಿನಲ್ಲಿ ಗಟ್ಟಿ ಪದಾರ್ಥ ಕಡಿಮೆಯಾಗಿರ್ತದೆ, ಆದರೆ ರೋಗಾಣು ಹೇರಳವಾಗಿರ್ತವೆ. ಇದನ್ನ ನೇರ ಗಟಾರಕ್ಕೆ ಬಿಡೋದು ಅಂದ್ರೆ ಪಾಯಿಖಾನೆಯನ್ನೇ ರಸ್ತೆಗೆ ಬಿಟ್ಟಂತೆ. ಉಳಿದ ಅರ್ಧ ಕೆಲಸ ಮಣ್ಣಿನದು.

ಮಣ್ಣು ಹೇಗೆ ಶೋಧಿಸ್ತದೆ?

ಇಂಗುಗುಂಡಿ ಅಥವಾ ಇಂಗುಕಾಲುವೆಗೆ ನೀರು ಇಳಿದಾಗ ಮೂರು ಕೆಲಸ ಆಗ್ತವೆ.

ಮೊದಲನೆಯದು ಜರಡಿ ಕೆಲಸ. ನೀರು ಮಣ್ಣಿಗೆ ತಾಗೋ ಜಾಗದಲ್ಲಿ ಕೆಲ ವಾರಗಳಲ್ಲಿ ಕಪ್ಪನೆಯ ಲೋಳೆಪದರ ಕಟ್ಟಿಕೊಳ್ತದೆ. ಸೂಕ್ಷ್ಮಜೀವಿಗಳೇ ಕಟ್ಟಿದ ಈ ಪದರ ನೀರನ್ನ ನಿಧಾನ ಮಾಡಿ, ಸಣ್ಣ ಕಣಗಳನ್ನ ಮತ್ತು ಬ್ಯಾಕ್ಟೀರಿಯಾಗಳನ್ನ ತಡೀತದೆ.

ಎರಡನೆಯದು ತಿಂದು ಹಾಕೋ ಕೆಲಸ. ಪದರದ ಕೆಳಗಿನ ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕು. ಆ ಗಾಳಿಯಿಂದ ಬದುಕೋ ಮಣ್ಣಿನ ಜೀವಿಗಳು ಕೊಳಕನ್ನ ತಿಂತವೆ, ರೋಗಾಣುಗಳು ಆಹಾರ ಸಿಗದೆ ಸಾಯ್ತವೆ. ಗುಂಡಿಯ ತಳದಿಂದ ಅಂತರ್ಜಲದವರೆಗೆ ಎರಡರಿಂದ ನಾಲ್ಕು ಅಡಿ ಒಣ ಮಣ್ಣು ಬೇಕು ಅನ್ನೋದು ಇದಕ್ಕೇ.

ಮೂರನೆಯದು ಅಂಟಿಸಿಕೊಳ್ಳೋ ಕೆಲಸ. ಜೇಡಿ ಕಣಗಳಿಗೆ ಮತ್ತು ಕೆಂಪು ಮಣ್ಣಿನಲ್ಲಿರೋ ಕಬ್ಬಿಣದ ಅಂಶಕ್ಕೆ ವೈರಸ್, ರಂಜಕ ಅಂಟಿಕೊಳ್ತವೆ.

ಆದರೆ ಮಣ್ಣಿಗೆ ಹಿಡಿದಿಡಲಾಗದ ವಸ್ತು ಒಂದಿದೆ, ನೈಟ್ರೇಟ್. ಮೂತ್ರದಲ್ಲಿರೋ ಸಾರಜನಕ ಗಾಳಿಯಾಡೋ ಮಣ್ಣಿನಲ್ಲಿ ನೈಟ್ರೇಟ್ ಆಗಿ ನೀರಿನ ಜೊತೆ ಸೀದಾ ಕೆಳಗೆ ಹೋಗ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. ಹಸುಗೂಸುಗಳಿಗೆ ಇದು ಅಪಾಯ. ಕುದಿಸಿದರೆ ರೋಗಾಣು ಸಾಯ್ತವೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚೇ ಆಗ್ತದೆ.

ನಮ್ಮ ಮಣ್ಣಿನ ಸಮಸ್ಯೆ

ಮಸಾರಿ ಮತ್ತು ಗರಸು ಇರೋ ಕಡೆ ನೀರು ಬೇಗ ಇಂಗ್ತದೆ. ಎರೆ ಮಣ್ಣು ಎರಡು ರೀತಿ ಕೈಕೊಡ್ತದೆ. ಮಳೆಗಾಲದಲ್ಲಿ ಉಬ್ಬಿ ಸಂದು ಮುಚ್ಚಿಕೊಳ್ತದೆ, ಗುಂಡಿ ತುಂಬಿ ನೀರು ಮೇಲೆ ಬರ್ತದೆ. ಬೇಸಿಗೆಯಲ್ಲಿ ಬಿರುಕು ಬಿಡ್ತದೆ, ಆಗ ನೀರು ಸೋಸದೆ ಬಿರುಕಿನಿಂದ ಸೀದಾ ಕೆಳಗೆ ಜಾರ್ತದೆ. ಅದಕ್ಕೆ "ಬೇಸಿಗೆಯಲ್ಲಿ ಗುಂಡಿ ಚೆನ್ನಾಗಿ ಇಂಗ್ತದೆ" ಅಂತ ಸಮಾಧಾನ ಪಡೋಹಾಗಿಲ್ಲ.

ಕೆಳಗಿನ ಬಂಡೆಯದೂ ಇದೇ ಕಥೆ. ಬಂಡೆಯ ಸೀಳಿನಲ್ಲಿ ಹರಿಯೋ ನೀರು ಸೋಸಲ್ಪಡೋದಿಲ್ಲ, ಬೋರ್‌ಗೆ ನೀರು ಬರೋದೂ ಅದೇ ಸೀಳುಗಳಿಂದ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಕಾಲುವೆಗೆ ನೀರು ಬಿಟ್ಟಾಗ ತಗ್ಗು ಜಾಗಗಳಲ್ಲಿ ಅಂತರ್ಜಲ ಮೇಲೆ ಬರ್ತದೆ. ಗುಂಡಿಯ ತಳಕ್ಕೇ ನೀರು ಮುಟ್ಟಿದರೆ ಸೋಸೋಕೆ ಒಣ ಮಣ್ಣು ಉಳಿಯೋದೇ ಇಲ್ಲ.

30×40 ಸೈಟಿನ ಲೆಕ್ಕ

ಸೆಪ್ಟಿಕ್ ಟ್ಯಾಂಕ್ ನೀರಿನ ವಿಲೇವಾರಿಗೆ ಭಾರತೀಯ ಮಾನಕ ಐಎಸ್ 2470 (ಭಾಗ 2, 1985) ಇದೆ. ಅದರ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ (ಸುಮಾರು 59 ಅಡಿ), ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು.

30×40 ಅಡಿ ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಇರೋದು 50 ಅಡಿ ಮಾತ್ರ. ಅಂದ್ರೆ ಅಂಥ ಸೈಟಿನಲ್ಲಿ ಬೋರ್ ಮತ್ತು ಇಂಗುಗುಂಡಿ ಎರಡನ್ನೂ ನಿಯಮದಂತೆ ಮಾಡೋಕೆ ಆಗೋದೇ ಇಲ್ಲ. ಪಕ್ಕದ ಮನೆಯವರ ಗುಂಡಿಯನ್ನೂ ಲೆಕ್ಕಕ್ಕೆ ತಗೋಬೇಕು. ನಿಮ್ಮ ಗುಂಡಿ ದೂರ ಇದ್ದರೂ ಅವರ ಗುಂಡಿ ನಿಮ್ಮ ಬೋರಿನ ಕಾಂಪೌಂಡಿಗೇ ಅಂಟಿಕೊಂಡಿರಬಹುದು.

ಮಣ್ಣು ಪರೀಕ್ಷೆ ಮಾಡೋದು ಹೇಗೆ?

ಗುಂಡಿ ಬರೋ ಜಾಗದಲ್ಲಿ, ಅಷ್ಟೇ ಆಳಕ್ಕೆ, ಒಂದು ಅಡಿಯೊಳಗಿನ ಅಗಲದ ಸಣ್ಣ ಕುಣಿ ತೋಡಿ. ತಳಕ್ಕೆ 5 ಸೆಂ.ಮೀ ಸಣ್ಣ ಕಡಿ ಹಾಕಿ, ಒಂದು ಅಡಿ ನೀರು ತುಂಬಿ ರಾತ್ರಿ ಬಿಡಿ. ಮರುದಿನ ಕಡಿ ಮೇಲೆ 15 ಸೆಂ.ಮೀ ನೀರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳೀತು ನೋಡಿ. 25 ಮಿ.ಮೀ ಇಳಿಯೋಕೆ ಅರ್ಧ ಗಂಟೆಯೊಳಗೆ ಸಾಕಾದರೆ ಇಂಗುಗುಂಡಿ ನಡೀತದೆ. ಒಂದು ಗಂಟೆ ದಾಟಿದರೆ ಆ ಮಣ್ಣನ್ನ ನಂಬಬೇಡಿ. ಎರೆ ಮಣ್ಣಿನಲ್ಲಿ ಈ ಪರೀಕ್ಷೆಯನ್ನ ಮಳೆಗಾಲದಲ್ಲಿ ಮಾಡಿದರೇ ನಿಜ ಗೊತ್ತಾಗೋದು.

ಎರೆ ಮಣ್ಣಿಗೆ ಉಸುಕಿನ ಶೋಧಕ

ಮಣ್ಣು ಕೆಲಸ ಮಾಡದ ಕಡೆ ಉಸುಕಿನಿಂದ ಆ ಕೆಲಸ ಮಾಡಿಸಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ 1887ರಿಂದಲೇ ಉಸುಕಿನ ಮೇಲೆ ಕೊಳಚೆ ನೀರನ್ನ ಬಿಟ್ಟುಬಿಟ್ಟು ಹರಿಸಿ ಪ್ರಯೋಗ ಮಾಡಿದ್ದರು. ನಡುವೆ ಬಿಡುವು ಕೊಟ್ಟರೆ ಉಸುಕಿಗೆ ಗಾಳಿ ಸಿಕ್ಕು ನೀರು ಚೆನ್ನಾಗಿ ಶುದ್ಧವಾಗ್ತದೆ ಅಂತ ಅಲ್ಲಿ ಕಂಡುಬಂತು. ಇಂದಿಗೂ ತತ್ವ ಅದೇ.

ತಳ-ಗೋಡೆ ಸೋರದ ತೊಟ್ಟಿಯಲ್ಲಿ ಕೆಳಗೆ ಕಡಿ ಮತ್ತು ತೂತಿನ ಪೈಪು, ಅದರ ಮೇಲೆ ಎರಡರಿಂದ ಮೂರು ಅಡಿ ತೊಳೆದ ಉಸುಕು, ಮೇಲೆ ಮತ್ತೆ ಕಡಿ ಮತ್ತು ನೀರು ಹಂಚೋ ಪೈಪು. ಚದರ ಮೀಟರ್ ಉಸುಕಿಗೆ ದಿನಕ್ಕೆ ಸುಮಾರು 40 ಲೀಟರ್ ಅಂತ ಹಿಡಿದರೆ, ದಿನಕ್ಕೆ 400 ಲೀಟರ್ ಬಿಡೋ ಮನೆಗೆ 10 ಚದರ ಮೀಟರ್, ಅಂದ್ರೆ ಸುಮಾರು 108 ಚದರ ಅಡಿ ಜಾಗ ಬೇಕು.

ಉಸುಕು ತೀರಾ ಸಣ್ಣದಿದ್ದರೆ ಕಟ್ಟಿಕೊಳ್ತದೆ, ತೀರಾ ದಪ್ಪ ಇದ್ದರೆ ನೀರು ಸೋಸದೆ ಓಡ್ತದೆ. ಕೃಷ್ಣಾ, ತುಂಗಭದ್ರಾ ಉಸುಕು ಇರಲಿ, ಎಂ-ಸ್ಯಾಂಡ್ ಇರಲಿ, ತೊಳೆಯದೆ ಹಾಕಬೇಡಿ. ಗಾಜಿನ ಬಾಟಲಿಯಲ್ಲಿ ಉಸುಕು, ನೀರು ಹಾಕಿ ಅಲುಗಾಡಿಸಿ ಇಡಿ. ಮೇಲೆ ರಾಡಿ ಪದರ ದಪ್ಪ ಕೂತರೆ ಇನ್ನೂ ತೊಳೀಬೇಕು.

ಹೊರಬರೋ ನೀರು ತಿಳಿಯಾಗಿ ಕಂಡರೂ ಕುಡಿಯೋಕಲ್ಲ. ಗಿಡ-ಮರಕ್ಕೆ ಬಿಡಬಹುದು, ಸೊಪ್ಪು-ತರಕಾರಿಗೆ ಬೇಡ.

ಅಂಗಡಿ, ಹೋಟೆಲ್‌ನವರಿಗೆ

ಖಾನಾವಳಿ, ಬೇಕರಿಗಳ ಎಣ್ಣೆ-ಜಿಡ್ಡು ಉಸುಕು ಮತ್ತು ಮಣ್ಣು ಎರಡನ್ನೂ ಕಟ್ಟಿಬಿಡ್ತದೆ. ಅಡುಗೆ ನೀರಿಗೆ ಜಿಡ್ಡು ತಡೆಯೋ ಚೇಂಬರ್ ಬೇರೆ ಇರಲಿ. ಆ್ಯಸಿಡ್, ಬ್ಲೀಚಿಂಗ್ ಹೆಚ್ಚು ಸುರಿದರೆ ಟ್ಯಾಂಕಿನ ಉಪಯುಕ್ತ ಜೀವಿಗಳು ಸಾಯ್ತವೆ. ಮಳೆನೀರು, ಆರ್‌ಒ ವೇಸ್ಟ್ ನೀರು ಟ್ಯಾಂಕಿಗೆ ಬಿಟ್ಟರೆ ಕೆಸರು ಕೂರೋಕೆ ಸಮಯ ಸಿಗಲ್ಲ.

ನೆನಪಿಡಿ

• ಟ್ಯಾಂಕಿನ ತಳಕ್ಕೆ ಕಾಂಕ್ರೀಟ್ ಹಾಕಿಸಿ. "ತಳ ಬಿಟ್ಟರೆ ಖಾಲಿ ಮಾಡಿಸೋ ಗೋಜಿಲ್ಲ" ಅನ್ನೋ ಗೌಂಡಿ ಮಾತು ಕೇಳಬೇಡಿ. ಆ ನೀರು ಹೋಗೋದು ಬೋರ್ ಕಡೆಗೇ.

• ಎರಡು-ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಮಷಿನ್‌ನಿಂದ ಖಾಲಿ ಮಾಡಿಸಿ. ಕೆಸರು ತುಂಬಿದರೆ ಅದು ಹೊರಗೆ ಹರಿದು ಇಂಗುಗುಂಡಿಯೇ ಹಾಳು.

• ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ವಿಷಾನಿಲದಿಂದ ಕ್ಷಣದಲ್ಲಿ ಜೀವ ಹೋಗ್ತದೆ, 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಸಹಾಯವಾಣಿ 14420.

• ಗುಂಡಿ ಹತ್ತಿರ ಬೋರ್ ಇದ್ದರೆ ಮಳೆಗಾಲದ ಮೊದಲು ಮತ್ತು ನಂತರ ನೀರು ಪರೀಕ್ಷೆ ಮಾಡಿಸಿ. ರೋಗಾಣು, ನೈಟ್ರೇಟ್ ಎರಡನ್ನೂ ನೋಡಿಸಿ. ವರದಿ ಬರೋವರೆಗೆ ಆ ನೀರು ಬಳಕೆಗೆ ಮಾತ್ರ ಇರಲಿ, ಕುಡಿಯೋಕೆ ಬೇರೆ ನೀರು ತನ್ನಿ.